ಹಿಂದೆ ಸೀಟಿಲ್ಲದ ಗಾಡಿ

ನಿಮ್ಮ ಜೀವ ನಾನು ಉಳಿಸಲಿಲ್ಲ. ಎರಡು ಸೀಟಿನ ಆ ಗಾಡಿ ತಿರುವಿನಲ್ಲಿ ಮಗುಚಿ ಬೀಳುತ್ತದೆ ಎಂದು ಅಮೆರಿಕದ ಆ ಪತ್ರಿಕೆಯಲ್ಲಿ ಬರೆದಿರಲಿಲ್ಲ. ಅದರ ಬ್ರೇಕು ನಂಬುವಂಥದ್ದಲ್ಲ ಎಂದೂ ಬರೆದಿರಲಿಲ್ಲ. ಅದನ್ನೆಲ್ಲ ನಾನೇ ಹುಟ್ಟಿಸಿ ಹೇಳಿದೆ — ನಿಮ್ಮ ಎದುರಿಗೇ ಕೂತು, ಇಂಗ್ಲಿಷ್ ಸಾಲುಗಳ ಮೇಲೆ ಬೆರಳಾಡಿಸುತ್ತ, ಓದುವವಳ ಹಾಗೆ ನಡುನಡುವೆ ತಡೆಯುತ್ತ. ನಲವತ್ತು ವರ್ಷದ ಮೇಲಾಯಿತು. ಇವತ್ತಿನವರೆಗೆ ಯಾರಿಗೂ ಹೇಳಿಲ್ಲ, ನನ್ನ ಹೆತ್ತ ತಾಯಿಗೂ ಹೇಳಲಿಲ್ಲ.

ಹೇಳದೆಯೇ ಹೋಗಿಬಿಡಬಹುದಿತ್ತು. ಆದರೆ ನೀವು ಬಿಡಬೇಕಲ್ಲ! ಮನೆಗೆ ಬಂದವರಿಗೆಲ್ಲ ಆ ಕಥೆ ಹೇಳುತ್ತೀರಿ. ಪೇಪರ್ ಹಾಕುವವನಿಗೆ ಹೇಳಿದ್ದೀರಿ, ಹಲ್ಲಿನ ಡಾಕ್ಟರಿಗೆ ಬಾಯಿ ತೆರೆದುಕೊಂಡೇ ಹೇಳಿದ್ದೀರಿ. ಮೊನ್ನೆ ರವಿವಾರ ಬೀಗರು ಬಂದಾಗ ಮತ್ತೆ ಶುರುವಾಯಿತು. "ಇಕಿ ಅವತ್ತ ಓದಿ ಹೇಳಿದ್ದಿಲ್ಲಂದ್ರ ನಾ ಎಂದೋ ಶಿವನ ಪಾದಾ ಸೇರತಿದ್ದೆ ನೋಡ್ರಿ. ಇವತ್ತ ನಿಮ್ಮ ಮುಂದ ಕುಂತೇನಂದ್ರ ಅದು ಇಕಿ ಕೊಟ್ಟ ಆಯುಷ್ಯ." ಬೀಗರು ನನ್ನ ಕಡೆ ತಿರುಗಿ ಕೈಮುಗಿದರು. ನಾನು ಚಹಾ ತರುವ ನೆವ ಮಾಡಿ ಎದ್ದು ಒಳಗೆ ಹೋದೆ. ಚಹಾ ಅವರ ಮುಂದೆಯೇ ಇತ್ತು.

ಅಡಿಗೆಮನೆಯಲ್ಲಿ ನಿಂತು ಸೆರಗಿನಿಂದ ಮುಖ ಒರೆಸಿಕೊಂಡೆ. ಸೊಸೆ "ಯಾಕ್ರೀ ಅತ್ತಿ, ಕಣ್ಣಾಗ ಏನರ ಬಿತ್ತೇನು?" ಎಂದಳು. ಏನು ಹೇಳಲಿ? ನನ್ನ ಗಂಡ ನನ್ನನ್ನು ಹೊಗಳುತ್ತಿದ್ದಾರೆ, ಅದಕ್ಕೆ ಅಳು ಬಂತು ಎಂದರೆ ಹುಚ್ಚಿ ಅಂದಾಳು. ಅದಕ್ಕೇ ಬರೆಯಲು ಕೂತಿದ್ದೇನೆ. ಬಾಯಿಂದ ಹೇಳಹೋದರೆ ನಡುವೆ ಎಲ್ಲೋ ಸುಳ್ಳು ಮತ್ತೆ ನುಸುಳಬಹುದು — ನನಗೆ ಆ ಚಟ ಇದೆ ಎಂದು ನನಗೆ ಗೊತ್ತು.

ನಾನು ನಿಮ್ಮ ಮನೆಗೆ ಬಂದಾಗ ಐವತ್ತರ ದಶಕ ಮುಗಿಯುತ್ತ ಬಂದಿತ್ತು. ಧಾರವಾಡದಲ್ಲಿ ಸಾಲಿ ಮಾಸ್ತರರ ಮಗಳು, ಇಂಟರ್ ಪಾಸಾದವಳು, ಅಪ್ಪನ ಇಂಗ್ಲಿಷ್ ಗಿಳಿಪಾಠದಂತೆ ಕಲಿತವಳು. ನೀವು ಹುಬ್ಬಳ್ಳಿಯ ಹತ್ತಿ ವ್ಯಾಪಾರದ ಮನೆಯವರು. ಮಾವನವರು ಬೇಗ ತೀರಿಕೊಂಡಿದ್ದರಿಂದ ಏಳನೆಯ ಇಯತ್ತೆಗೇ ಸಾಲಿ ಬಿಟ್ಟು ಅಂಗಡಿ ಹಿಡಿದಿದ್ದಿರಿ. ಕನ್ನಡ ಓದುತ್ತಿದ್ದಿರಿ, ಮೋಡಿ ಲಿಪಿಯಲ್ಲಿ ಬರೆದದ್ದನ್ನೂ ಬಿಡಿಸುತ್ತಿದ್ದಿರಿ. ಇಂಗ್ಲಿಷ್ ಮಾತ್ರ ಸಹಿಗೆ ನಿಂತಿತ್ತು. ಹತ್ತಿಯ ಕೆಲಸಕ್ಕೆ ಮುಂಬಯಿಗೆ ಹೋದ ಗಂಡಸರು ಹೆಂಡಂದಿರಿಗೆ ಸೀರೆ ತರುತ್ತಾರೆ; ನೀವು ಫುಟ್‌ಪಾತಿನಿಂದ ಹಳೆಯ ಅಮೆರಿಕನ್ ಮೋಟಾರು ಪತ್ರಿಕೆಗಳ ಗಂಟು ತಂದಿರಿ. ಮದುವೆಯಾದ ಹೊಸತಿನಲ್ಲಿ ಆ ಗಂಟು ಬಿಚ್ಚುವಾಗ ನಾನು ಸೀರೆಯೆಂದೇ ತಿಳಿದಿದ್ದೆ. ಮೇಲೆ ನಗುತ್ತ ಒಳಗೆ ಎಷ್ಟು ಸಿಟ್ಟಾಗಿದ್ದೆ ಎಂದು ನಿಮಗೆ ಗೊತ್ತಿಲ್ಲ.

ಆದರೆ ಆ ಪತ್ರಿಕೆಗಳೇ ನಮ್ಮನ್ನು ಗಂಡಹೆಂಡಿರನ್ನಾಗಿ ಮಾಡಿದವು. ಈಗಿನವರಿಗೆ ಇದು ತಿಳಿಯುವುದಿಲ್ಲ. ಆ ಮನೆಯಲ್ಲಿ ಹಗಲು ಹೊತ್ತಿನಲ್ಲಿ ಸೊಸೆ ಗಂಡನ ಜೊತೆ ಪಡಸಾಲೆಯಲ್ಲಿ ಕೂತು ಮಾತಾಡುವುದೆಂದರೆ — ಅಯ್ಯ ಶಿವನೇ! ನೀರಿನ ತಂಬಿಗೆ ಇಟ್ಟು ಹಿಂದೆ ಸರಿಯಬೇಕು, ಅಷ್ಟೇ. ಇಂಗ್ಲಿಷ್ ಕಾಗದಕ್ಕೆ ಮಾತ್ರ ರಿಯಾಯಿತಿ. ಅತ್ತೆ ಅದನ್ನು ವ್ಯಾಪಾರದ ಕಾಗದವೆಂದು ತಿಳಿದಿದ್ದರು. "ನೀಲವ್ವಾ, ಅವಗ ಏನ ಓದಿ ಹೇಳಬೇಕೋ ಹೇಳವಾ, ಮುಂಬೈದ್ದು ಇದ್ದೀತು," ಎಂದು ಅವರೇ ನನ್ನನ್ನು ಅಡಿಗೆಮನೆಯಿಂದ ಕಳಿಸಿಕೊಡುತ್ತಿದ್ದರು. ಮಧ್ಯಾಹ್ನದ ಊಟವಾದ ಮೇಲೆ ನೀವು ತೂಗುಮಂಚದ ಮೇಲೆ, ನಾನು ಕೆಳಗೆ ಚಾಪೆಯ ಮೇಲೆ, ಆಚೆ ಮೂಲೆಯಲ್ಲಿ ಅತ್ತೆ ಜೋಳ ಹಸನು ಮಾಡುತ್ತ. ಚಿತ್ರ ನೋಡಬೇಕಲ್ಲ — ನೀವು ಮಂಚದಿಂದ ಇಳಿದು ಚಾಪೆಗೆ ಬಂದಿರಿ. ಅತ್ತೆ ಒಮ್ಮೆ ನೋಡಿದರು, ಆಮೇಲೆ ಮೊರದಲ್ಲಿದ್ದ ಜೋಳದ ಕಡೆಗೆ ಕಣ್ಣು ತಿರುಗಿಸಿದರು.

ನನಗೆ ಗಾಡಿಯ ಗಂಧವೇ ಇರಲಿಲ್ಲ. "ಇದಕ್ಕ ಎಂಟ ಇರ್ತಾವಂತ್ರಿ," ಎನ್ನುತ್ತಿದ್ದೆ. "ಏನ ಎಂಟ?" "ಏನೋ ಎಂಟ!" ನೀವು ನಗು ತಡೆಯಲಾರದೆ ಕೆಮ್ಮುತ್ತಿದ್ದಿರಿ, ಅತ್ತೆ "ವ್ಯಾಪಾರದಾಗ ಲುಕ್ಸಾನ ಏನ ಮತ್ತ?" ಎಂದು ಗಾಬರಿಯಾಗುತ್ತಿದ್ದರು. ನಾನು ನಿಮಗೆ ಮಾತು ಹೇಳಿದೆ, ನೀವು ನನಗೆ ಆ ಮಾತಿನ ಹಿಂದಿದ್ದ ಎಂಜಿನು ತೋರಿಸಿದಿರಿ, ಬೆರಳುಗಳನ್ನು ಮೇಲೆ ಕೆಳಗೆ ಆಡಿಸಿ. ಬರಬರುತ್ತ ಒಂದೇ ಗಾಡಿಯ ಸುತ್ತ ನಮ್ಮ ಓದು ನಿಂತಿತು. ಒಂದೇ ಹೆಸರು, ಒಂದೇ ಕಂಪನಿ, ಆದರೆ ಅಚ್ಚು, ಅಂದರೆ ಮಾಡೆಲ್ಲು, ಬೇರೆ ಬೇರೆ. ಹಳೆಯ ಅಚ್ಚಿನದು ಗಿಡ್ಡ, ಮುಂದೆ ಎರಡೇ ದೀಪ, ಎರಡೇ ಸೀಟು. ಕೆಲವಕ್ಕೆ ಮೇಲ್ಛಾವಣಿಯ ಪಕ್ಕದಲ್ಲಿ ದುಂಡನೆಯ ಪುಟ್ಟ ಕಿಟಕಿ. ಆಮೇಲಿನ ಅಚ್ಚಿನದು ಉದ್ದ, ಅಗಲ, ನಾಲ್ಕು ದೀಪ, ಹಿಂದೆಯೂ ಸೀಟು. ನೀವು ಚಿತ್ರದ ಮೇಲೆ ಅಂಗೈ ಮುಚ್ಚಿ ದೀಪವಷ್ಟೇ ಕಾಣುವಂತೆ ಬಿಟ್ಟು "ಯಾವ ವರ್ಷದ್ದು ಹೇಳು," ಎಂದು ಪರೀಕ್ಷೆ ಮಾಡುತ್ತಿದ್ದಿರಿ. ನಾನು ತಪ್ಪಿದರೆ ನಿಮಗೆ ಖುಷಿ, ಸರಿ ಹೇಳಿದರೆ ಇನ್ನೂ ಖುಷಿ.

ಒಂದು ದಿನ ಅತ್ತೆಯೂ ಬಗ್ಗಿ ಚಿತ್ರ ನೋಡಿದರು. ಹಳೆಯ ಅಚ್ಚಿನ ಗಾಡಿ ಅದು. "ಹಿಂದ ಕುಂದ್ರೋರು ಎಲ್ಲಿ ಕುಂದ್ರೂದೋ ಇದರಾಗ?" ಎಂದರು. "ಇದಕ್ಕ ಹಿಂದ ಇಲ್ಲಬೇ," ಎಂದಿರಿ ನೀವು. "ಹಿಂದ ಇಲ್ಲದ ಗಾಡಿ ಯಾತರ ಗಾಡ್ಯೋ? ಮನಿ ಮಂದಿ ಏನ ಹಗ್ಗಾ ಕಟಗೊಂಡ ಓಡಿ ಬರಬೇಕೇನ?" ಮೂವರೂ ನಕ್ಕೆವು. ನಗುವಾಗ ನೀವು ನನ್ನ ಕಡೆ ನೋಡಿದಿರಿ, ನಾನು ಆ ನೋಟವನ್ನು ಅಲ್ಲೇ ಬಿಟ್ಟು ಎದ್ದು ಹೋದೆ.

ಆಮೇಲೆ ಆ ದಿನ ಬಂತು. ಹೊರದೇಶದಿಂದ ಹೊಸ ಗಾಡಿ ತರಿಸುವುದು ಆಗ ಸಾಧ್ಯವೇ ಇರಲಿಲ್ಲ. ತಂದವರು ಯಾರಾದರೂ ಬಿಟ್ಟು ಹೋಗುವುದನ್ನು ಕಾಯಬೇಕು. ನಿಮ್ಮ ಮುಂಬಯಿಯ ದಲಾಲರು ವರ್ಷಗಟ್ಟಲೆ ಕಾದು ಎರಡು ಗಾಡಿ ಹುಡುಕಿದ್ದರು — ಒಂದೇ ಹೆಸರಿನವು. ಹಳೆಯ ಅಚ್ಚಿನ ಎರಡು ಸೀಟಿನದು, ತನ್ನ ದೇಶಕ್ಕೆ ಮರಳುತ್ತಿದ್ದ ಪರದೇಶಿ ಎಂಜಿನಿಯರನದು. ಹೊಸ ಅಚ್ಚಿನ ನಾಲ್ಕು ಸೀಟಿನದು, ಗಿರಣಿ ಮಾಲೀಕರೊಬ್ಬರ ಮನೆಯದು. ನೀವು ಹೋಗಿ ಎರಡನ್ನೂ ನೋಡಿ ಬಂದಿರಿ. ಎರಡರಲ್ಲೂ ಕೂತು ಬಂದಿದ್ದಿರಿ. ಬಂದವರೇ ಕೈಕಾಲು ತೊಳೆಯದೆ ಪತ್ರಿಕೆಗಳ ಗಂಟು ಬಿಚ್ಚಿದಿರಿ.

"ಎರಡೂ ಅಚ್ಚು ಕೂಡಿಸಿ ಬರದದ್ದ ಒಂದ ಐತಿ ನೋಡು, ಹಳೇದು ಛಲೋನೋ ಹೊಸದು ಛಲೋನೋ ಅಂತ. ಅದನ್ನ ಓದು. ನೀ ಏನ ಹೇಳ್ತಿ ಅದನ್ನ ತೊಗೋತೇನಿ."

ನಿಮ್ಮ ದನಿಯಲ್ಲಿ ನೀವು ಯಾವುದನ್ನು ಬಯಸಿದ್ದಿರಿ ಎಂಬುದು ಸ್ಪಷ್ಟವಾಗಿತ್ತು. ಗಂಟು ಬಿಚ್ಚುತ್ತಲೇ ಹೇಳಿದಿರಿ: "ಆ ಗಾಡಿಗೆ ಸ್ಟೇರಿಂಗ ಎಡಕ್ಕ ಇರ್ತೈತಿ, ನೀಲಾ. ಮುಂದ ಚಕ್ಕಡಿನೋ ಲಾರಿನೋ ಇತ್ತಂದ್ರ ನಡಸಾಂವಗ ಎದುರಿಂದ ಏನ ಬಂತು ಕಾಣೂದಿಲ್ಲ. ಬಲಕ್ಕ ಕುಂತವ್ರು ನೋಡಿ ಹೇಳಬೇಕು, ಹೋಗ್ರಿ, ತಡೀರಿ ಅಂತ. ನೀ ಓದಿ ಹೇಳ್ತಿಯಲ್ಲ, ಹಂಗ. ನೀ ಹೂಂ ಅಂದ್ರ ನಾ ಕಣ್ಣ ಮುಚ್ಚಿ ಹೊಕ್ಕೇನಿ." ಆಮೇಲೆ ಅತ್ತೆಯ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿ — "ಅದರಾಗ ಹಿಂದ ಸೀಟ ಇಲ್ಲ."

ನೀವು ಏನು ಹೇಳುತ್ತಿದ್ದೀರಿ ಎಂದು ನನಗೆ ತಿಳಿಯಲಿಲ್ಲ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡಿದ್ದೆ. ಹಳ್ಳಿಮುಕ್ಕಿಯಲ್ಲ ನಾನು, ಅಷ್ಟೂ ತಿಳಿಯದೆ? ತಿಳಿದಿತ್ತು. ಚೆನ್ನಾಗಿಯೇ ತಿಳಿದಿತ್ತು. ಮನೆಯಲ್ಲಿ ಆಗಲೇ ಒಂದು ಹಳೆಯ ಗಾಡಿ ಇತ್ತಲ್ಲ — ಹಿಂದಿನ ಕಿಟಕಿಗಳಿಗೆ ಪರದೆ ಕಟ್ಟಿದ್ದು. ಮುಂದೆ ಗಂಡಸರು, ಹಿಂದೆ ನಾವು ಹೆಂಗಸರು ಮಕ್ಕಳು ಒತ್ತೊತ್ತಾಗಿ. ಗಂಡನ ಪಕ್ಕದಲ್ಲಿ ಕೂತು ಹುಬ್ಬಳ್ಳಿ ಪೇಟೆಯಲ್ಲಿ ಹಾಯುವುದು ನಮ್ಮಂಥ ಮನೆಯ ಸೊಸೆಯಂದಿರಿಗೆ ಇಲ್ಲದ್ದು. ನೀವು ಯಾರೊಂದಿಗೂ ಜಗಳವಾಡದೆ, ಯಾರಿಗೂ ಎದುರು ನುಡಿಯದೆ, ಆ ಕಟ್ಟಳೆಯೇ ನಡೆಯದಂಥ ಗಾಡಿಯೊಂದನ್ನು ಹುಡುಕಿದ್ದಿರಿ. ಅದರಲ್ಲಿ ನನ್ನನ್ನು ಕೂರಿಸಲು ಬೇರೆ ಜಾಗವೇ ಇರಲಿಲ್ಲ.

ನನಗೆ ಹೆದರಿಕೆಯಾಯಿತು. ನಮ್ಮ ಓಣಿಯ ಡಾಕ್ಟರರ ಹೆಂಡತಿ ಒಮ್ಮೆ ಗಂಡನ ಪಕ್ಕದಲ್ಲಿ ಕೂತು ದುರ್ಗದಬೈಲಿನ ಪೇಟೆಯಲ್ಲಿ ಹೋದದ್ದನ್ನು ನಮ್ಮ ಅಡಿಗೆಮನೆಯಲ್ಲಿ ಎಷ್ಟು ದಿನ ಆಡಿಕೊಂಡಿದ್ದೆವು! "ಮೆರವಣಿಗಿ ಹೊಂಟಿತ್ತವಾ, ಡೊಳ್ಳೊಂದ ಕಡಿಮಿ," ಎಂದವಳು ನಾನೇ. ಎಲ್ಲರಿಗಿಂತ ಜೋರಾಗಿ ನಕ್ಕವಳೂ ನಾನೇ. ಇನ್ನೊಂದು ಮಾತೂ ಇದೆ, ಇದು ಇನ್ನೂ ಕೀಳು — ಅದೇ ವಾರ ಅತ್ತೆ ಉಗ್ರಾಣದ ಕೀಲಿಕೈ ನನ್ನ ಕೈಗೆ ಕೊಟ್ಟು, ಬಂದವರೆದುರಿಗೆ "ಕಲತಾಕಿ ಆದ್ರೂ ಮನಿ ರೀತಿ ಬಲ್ಲಾಕಿ" ಎಂದಿದ್ದರು. ಆ ಮಾತಿನ ಅಮಲು ಇಳಿದಿರಲಿಲ್ಲ. ಒಳ್ಳೆಯ ಸೊಸೆ ಅನ್ನಿಸಿಕೊಳ್ಳುವ ಆಸೆ ನನಗೆ ನಿಮಗಿಂತ ದೊಡ್ಡದಾಗಿತ್ತು. ಅದನ್ನೂ ಬರೆದೆ.

"ಬ್ಯಾಡ್ರಿ, ನನಗ ನಾಚಿಕಿ ಆಗ್ತೈತಿ" ಎಂದು ನಿಮಗೆ ಹೇಳಬಹುದಿತ್ತು. ನೀವು ಸಿಟ್ಟಾಗುತ್ತಿರಲಿಲ್ಲ. ನಗುತ್ತಿದ್ದಿರಿ, ಸ್ವಲ್ಪ ಒಪ್ಪಿಸಲು ನೋಡುತ್ತಿದ್ದಿರಿ, ಬಹುಶಃ ಒಪ್ಪಿಸಿಯೇ ಬಿಡುತ್ತಿದ್ದಿರಿ. ಅದೂ ನನಗೆ ಗೊತ್ತಿತ್ತು. ಅದಕ್ಕೇ ಪತ್ರಿಕೆಯ ಬಾಯಿಂದ ಹೇಳಿಸಿದೆ. ನನ್ನ ಮಾತಿಗೆ ನೀವು ಎದುರು ವಾದ ಹೂಡಬಹುದು, ಇಂಗ್ಲಿಷಿನಲ್ಲಿ ಅಚ್ಚಾದ ಮಾತಿಗೆ ನಿಮ್ಮ ಬಳಿ ಉತ್ತರವಿರಲಿಲ್ಲ.

ಪುಟ ತೆರೆದೆ. ಮೊದಲು ಎಲ್ಲ ಮನಸ್ಸಿನಲ್ಲೇ ಓದಿದೆ. ನೀವು ಕಾದಿರಿ. ಆಮೇಲೆ ಬೆರಳಿಟ್ಟು ಶುರು ಮಾಡಿದೆ — ಎರಡು ಸೀಟಿನದು ನೋಡಲು ಚೆಂದ, ಆದರೆ ಹಿಂಭಾಗ ಹಗುರ, ತಿರುವಿನಲ್ಲಿ ಮಗುಚುತ್ತದೆ, ಬ್ರೇಕು ಕಾದರೆ ಹಿಡಿಯುವುದಿಲ್ಲ, ಜೋಡಿಜೋಡಿಯಾಗಿ ಸತ್ತಿದ್ದಾರೆ, ಅದಕ್ಕೇ ಕಂಪನಿಯವರು ಆ ಅಚ್ಚನ್ನೇ ನಿಲ್ಲಿಸಿಬಿಟ್ಟರು. ನಿಲ್ಲಿಸಿದ್ದು ನಿಜ. ಆ ಒಂದು ನಿಜದ ಸುತ್ತ ಉಳಿದದ್ದನ್ನೆಲ್ಲ ನೇಯ್ದೆ.

"ಖರೇನ?" ಎಂದಿರಿ.

"ಖರೇರೀ. ಇಲ್ಲೇ ಬರದಾರ ನೋಡ್ರಿ," ಎಂದೆ. ನೋಡ್ರಿ ಎಂದೆ — ಓದಲು ಬಾರದವರಿಗೆ.

ನೀವು ನನ್ನ ಬೆರಳಿದ್ದ ಜಾಗವನ್ನೇ ಬಗ್ಗಿ ನೋಡಿದಿರಿ. ಆಮೇಲೆ ಪತ್ರಿಕೆ ಮಡಿಸಿ ಹೇಳಿದಿರಿ: "ಹಂಗಾರ ಬ್ಯಾಡ. ನಾ ಒಬ್ನ ಇದ್ರ ತರತಿದ್ದೆ. ನಿನ್ನ ಕುಂದ್ರಿಸಿಕೊಂಡು ಅಂಥಾ ಗಾಡಿ ನಡಸೂದು ಬ್ಯಾಡ." ನನ್ನ ಜೀವಕ್ಕೆ ಹೆದರಿ ನಿಮ್ಮ ಆಸೆ ಬಿಟ್ಟಿರಿ. ಆ ಕ್ಷಣದಲ್ಲಾದರೂ ಬಾಯಿ ತೆರೆಯಬೇಕಿತ್ತು. ಅತ್ತೆ "ಏನಾತೋ?" ಎಂದರು, ನೀವು "ಏನಿಲ್ಲಬೇ, ಹೊಸದಽ ಛಲೋ ಐತ್ಯಂತ," ಎಂದಿರಿ. ನಾನು ಚಾಪೆ ಸುತ್ತಿಟ್ಟು ಭಾಂಡೆ ತಿಕ್ಕಲು ಹೋದೆ.

ನಾಲ್ಕು ಸೀಟಿನದು ಬಂತು. ಮಜ್ಜಿಗೆ ಬಣ್ಣದ್ದು, ಓಣಿಯ ತಿರುವಿನಲ್ಲಿ ಹಿಂದೆ ಮುಂದೆ ಮಾಡಿ ಮಾಡಿ ತರಬೇಕಾಯಿತು, ಅಷ್ಟು ಉದ್ದ. ಹುಬ್ಬಳ್ಳಿಯ ಅರ್ಧ ಪೇಟೆ ಬಂದು ನೋಡಿತು. ಅತ್ತೆ ವಿಭೂತಿ ಹಚ್ಚಿದರು, ಕಾಯಿ ಒಡೆಸಿದರು, ಬಾನೆಟ್ಟಿನ ಮೇಲೆ ಸಿಡಿದ ಕಾಯಿನೀರನ್ನು ನೀವು ಧೋತರದ ಚುಂಗಿನಿಂದ ಒರೆಸಿದಿರಿ. ನೀವು ನಗುತ್ತಿದ್ದಿರಿ. ಮಂದಿಗೆ ಗೊತ್ತಾಗಲಿಲ್ಲ, ನನಗೆ ಆ ನಗು ಬೇರೆ ಇತ್ತೆಂದು ಗೊತ್ತಾಯಿತು.

ಆ ಗಾಡಿಗೆ ಸೀಟು ನಾಲ್ಕಾದರೂ ಬಾಗಿಲು ಎರಡೇ. ಮುಂದಿನ ಸೀಟು ಬಗ್ಗಿಸಿ, ಅದರ ಸಂದಿಯಿಂದ ತೂರಿ ಹಿಂದೆ ಹೋಗಬೇಕು. ಮೊದಲ ಸಲ ಅತ್ತೆ ತೂರಲು ಹೋಗಿ ಸಿಕ್ಕಿಬಿದ್ದರು. "ಯಪ್ಪಾ, ಇದೇನ ಹುತ್ತಾ ಹೊಕ್ಕಂಗ! ನಾ ಮುಂದ ಕುಂದರ್ತೇನಿ," ಎಂದು ನಿಮ್ಮ ಬಲಕ್ಕೆ ಕೂತರು. ಕೂತವರು ಕೂತರು. ತಾಯಿ ಮುಂದೆ ಕೂತರೆ ಯಾರು ಏನನ್ನಬೇಕು? ಹಿಂದೆ ನಾನು, ಮಕ್ಕಳು, ಊಟದ ಬುತ್ತಿ. ಆ ಸೀಟಿನ ಕೆಲಸವೂ ಅತ್ತೆಯದೇ ಆಯಿತು. ಸೆರಗು ಬಿಗಿದು, ಕುತ್ತಿಗೆ ಹೊರಗೆ ಚಾಚಿ, "ತಡಿ, ಬಸ್ ಬರಾಕತ್ತೈತಿ... ತಡಿ... ಹಾಂ, ಈಗ ಹೊಡಿ!" ಎಂದು ಕೂಗುತ್ತಿದ್ದರು. ಎಷ್ಟು ಖುಷಿಪಡುತ್ತಿದ್ದರು ಅವರು! ಆ ಮುದುಕಿಗೆ ಜೀವಮಾನದಲ್ಲಿ ಯಾರೂ ರಸ್ತೆ ಕೇಳಿರಲಿಲ್ಲ. ಅವರ ಮೇಲೆ ನನಗೆ ಎಂದೂ ಸಿಟ್ಟು ಬರಲಿಲ್ಲ. ನಾನು ಬಿಟ್ಟುಕೊಟ್ಟ ಜಾಗದಲ್ಲಿ ಅವರು ಕೂತಿದ್ದರು, ಅಷ್ಟೇ.

ಸಣ್ಣ ಕನ್ನಡಿಯನ್ನು ನೀವು ಕೆಳಗೆ ಬಾಗಿಸಿಕೊಂಡಿರಿ. ಹಿಂದಿನ ರಸ್ತೆ ಅದರಲ್ಲಿ ಕಾಣುವಂತಿರಲಿಲ್ಲ, ನನ್ನ ಮುಖ ಕಾಣುತ್ತಿತ್ತು. ಉಣಕಲ್ ಕೆರೆ ದಾಟಿ ರಸ್ತೆ ಖಾಲಿಯಾದ ಮೇಲೆ ನಿಮ್ಮ ಕಣ್ಣು ಅಲ್ಲಿಗೆ ಬರುತ್ತಿತ್ತು. ನಾನು ಒಮ್ಮೊಮ್ಮೆ ನೋಡುತ್ತಿದ್ದೆ, ಒಮ್ಮೊಮ್ಮೆ ಮಗಳ ಜಡೆ ಸರಿ ಮಾಡುತ್ತಿದ್ದೆ. ಹಿಂದಿನಿಂದ ಬಂದ ಲಾರಿಯವನು ಎಷ್ಟು ಸಲ ಬೈದು ಹೋಗಿದ್ದಾನೆ ನಿಮ್ಮನ್ನು! "ಕನ್ನಡಿ ಸೀದಾ ಮಾಡ್ಕೋಳೋ," ಎಂದು ಅತ್ತೆ ಗದರುತ್ತಿದ್ದರು, ನೀವು "ಸ್ಕ್ರೂ ಸಡ್ಲ ಆಗೈತಿಬೇ," ಎನ್ನುತ್ತಿದ್ದಿರಿ. ನೀವು ಹೇಳಿದ ಸುಳ್ಳುಗಳೆಲ್ಲ ಇಂಥವು.

ಅರವತ್ತರ ದಶಕ ಮುಗಿಯುವ ಮುನ್ನ ಅತ್ತೆ ತೀರಿಕೊಂಡರು. ಕಾರ್ಯಗಳೆಲ್ಲ ಮುಗಿದು, ಬಂದವರೆಲ್ಲ ಹೋದ ಮೇಲೆ, ನೀವು "ಕೆಲಗೇರಿಗೆ ಹೋಗಿ ಬರೂಣು, ನಿಮ್ಮಪ್ಪನ್ನ ನೋಡಿ ಭಾಳ ದಿನ ಆತು," ಎಂದಿರಿ. ನನ್ನ ತವರು ಧಾರವಾಡದಲ್ಲಿ, ಕೆಲಗೇರಿ ಕೆರೆಯ ಹತ್ತಿರ. ಮಕ್ಕಳು ಶಾಲೆಗೆ ಹೋಗಿದ್ದರು. ನಾವಿಬ್ಬರೇ. ನಾನು ಹೊರಗೆ ಬರುವಷ್ಟರಲ್ಲಿ ನೀವು ಆಚೆಗೆ ಸುತ್ತಿ ಹೋಗಿ ಮುಂದಿನ ಬಾಗಿಲು ತೆರೆದು ನಿಂತಿದ್ದಿರಿ. ನನಗಾಗಿ ಬಾಗಿಲು ಹಿಡಿದಿದ್ದಿರಿ.

ಈಗ ಯಾರು ಕೇಳುವವರಿದ್ದರು? ಯಾರ ಹೆದರಿಕೆ, ಯಾರ ಮೆಚ್ಚುಗೆ? ಯಾರೂ ಇರಲಿಲ್ಲ. ನಾನು ಸೀಟು ಬಗ್ಗಿಸಿ ಹಿಂದೆ ಹೋಗಿ ಕೂತೆ. "ಹಿಂದಽ ಇರ್ಲಿ ಬಿಡ್ರಿ, ರೂಢಿ ಆಗೈತಿ," ಎಂದೆ. ಯಾಕೆ — ಇವತ್ತಿಗೂ ಸರಿಯಾಗಿ ಗೊತ್ತಿಲ್ಲ. ಅತ್ತೆಯ ಸೀಟು ಎಂಬ ಅಳುಕೋ, ಅಥವಾ ಆ ಸೀಟಿನಲ್ಲಿ ಕೂತರೆ ನನ್ನ ಸುಳ್ಳಿನ ಮೇಲೆಯೇ ಕೂತ ಹಾಗಾದೀತು ಎಂದೋ. ಸುಳ್ಳು ಹೇಳಿದ್ದಕ್ಕಿಂತ ಇದು ದೊಡ್ಡ ತಪ್ಪು ಎಂದು ನನಗನ್ನಿಸುತ್ತದೆ. ನೀವು ಬಾಗಿಲು ಸ್ವಲ್ಪ ಹೊತ್ತು ಹಾಗೇ ಹಿಡಿದುಕೊಂಡು ನಿಂತಿದ್ದು, ಆಮೇಲೆ ಮೆಲ್ಲಗೆ ಮುಚ್ಚಿದಿರಿ.

ಸತ್ತೂರಿನ ಈಚೆ ಮೇವು ಹೇರಿದ ಚಕ್ಕಡಿಯೊಂದು ಮುಂದೆ ಸಿಕ್ಕಿತು. ರಸ್ತೆ ಆಗ ಎಷ್ಟು ಸಣ್ಣದು, ಅದರ ತುಂಬ ಮೇವು. ನೀವು ಹಾರ್ನ್ ಹೊಡೆದಿರಿ. ಚಕ್ಕಡಿಯವನು ತಿರುಗಿ ನೋಡಿ ಕೈ ಬೀಸಿದ: "ಹೋಗ್ರೀ ಸಾವಕಾರ್ರ, ರಸ್ತಾ ಖುಲ್ಲಾ ಐತಿ!" ನೀವು ಹೋಗಲಿಲ್ಲ. ಬಲಕ್ಕೆ ಖಾಲಿ ಸೀಟು. ನನಗೆ ಹಿಂದಿನಿಂದ ಏನೂ ಕಾಣುತ್ತಿರಲಿಲ್ಲ. "ಹೋಗ್ರಿ ಅಂತಾನಲ್ಲ," ಎಂದೆ. "ಅಂವ ಹೇಳಿದ್ರ ಹೆಂಗ ಹೋಗ್ಲಿ," ಎಂದಿರಿ ನೀವು, ಸಿಟ್ಟಿಲ್ಲದೆ. ಅಷ್ಟು ದೊಡ್ಡ ಗಾಡಿ, ಎಂಟು ಸಿಲಿಂಡರಿನದು, ಎತ್ತುಗಳ ಹೆಜ್ಜೆಗೆ ಹೆಜ್ಜೆ ಹಾಕುತ್ತ ಹೋಯಿತು. ಹುಲ್ಲಿನ ಎಳೆಗಳು ಹಾರಿ ಬಂದು ಮುಂದಿನ ಗಾಜಿನ ಮೇಲೆ ಬೀಳುತ್ತಿದ್ದವು. "ನಿಲ್ಲಸ್ರಿ, ನಾ ಮುಂದ ಬರ್ತೇನಿ" — ಇಷ್ಟೇ ಮಾತು. ನಾಲಿಗೆಯ ತುದಿಯಲ್ಲಿತ್ತು. ಚಕ್ಕಡಿ ಹೊಲದ ದಾರಿ ಹಿಡಿದು ಇಳಿದು ಹೋಗುವವರೆಗೆ ನಾನು ಆಡಲಿಲ್ಲ. ಕನ್ನಡಿಯಲ್ಲಿ ಆ ದಿನ ನಿಮ್ಮ ಕಣ್ಣು ಬರಲಿಲ್ಲ.

ಮುಂದೆ ಬಿಡಿಭಾಗ ಸಿಗದೆ ಗಾಡಿ ಶೆಡ್ಡಿನಲ್ಲಿ ಕೂತಿತು, ಆಮೇಲೆ ಯಾರೋ ಬಂದು ಲಾರಿಯ ಮೇಲೆ ಹೇರಿಕೊಂಡು ಹೋದರು. ಪತ್ರಿಕೆಗಳು ರದ್ದಿಗೆ ಹೋದವು. ಉಳಿದದ್ದು ನೀವು ಹೇಳುವ ಆ ಕಥೆ ಒಂದೇ. ವರ್ಷ ಕಳೆದಂತೆ ಅದು ಬೆಳೆಯಿತು. ಈಗೀಗ ಅದರಲ್ಲಿ ಮುಂಬಯಿಯ ಆ ಎರಡು ಸೀಟಿನ ಗಾಡಿಯನ್ನು ಬೇರೆ ಯಾರೋ ಕೊಂಡು, ಘಟ್ಟದಲ್ಲಿ ಬಿದ್ದು ಸತ್ತೂ ಹೋಗಿದ್ದಾರೆ. ಯಾರು ಹೇಳಿದರು ನಿಮಗೆ? ಯಾರೂ ಇಲ್ಲ. ನನ್ನ ಮೇಲಿನ ವಿಶ್ವಾಸಕ್ಕೆ ನೀವೇ ಸಾಕ್ಷಿ ಕಟ್ಟಿಕೊಂಡಿದ್ದೀರಿ. ನಮ್ಮ ಸೊಸೆ ಈಗ ತಾನೇ ಗಾಡಿ ನಡೆಸುತ್ತಾಳೆ, ಮಗ ಪಕ್ಕದಲ್ಲಿ ಕೂತು ಶೇಂಗಾ ತಿನ್ನುತ್ತಾನೆ. ಅವರಿಬ್ಬರೂ ಗೇಟಿನಿಂದ ಹೊರಟಾಗ ನಾನು ಕಟ್ಟೆಯ ಮೇಲೆ ನಿಂತು ನೋಡುತ್ತೇನೆ. ಹೊಟ್ಟೆಕಿಚ್ಚು ಅಲ್ಲ. ಇಷ್ಟು ಸಸಾರದ್ದಕ್ಕೆ ಅಷ್ಟು ಹೆದರಿದೆನೇ ಎಂದು.

ಈಗ ಆ ಪುಟವನ್ನು ಇದ್ದ ಹಾಗೆ ಹೇಳುತ್ತೇನೆ. ಅಂದು ನೀವು ಕೇಳಿದ್ದು ಅದನ್ನೇ, ನಾನು ಕೊಡದೆ ಉಳಿಸಿಕೊಂಡಿದ್ದೂ ಅದನ್ನೇ. ಹಳೆಯ ಅಚ್ಚಿನ ಗಾಡಿ ರಸ್ತೆಗೆ ಚೆನ್ನಾಗಿ ಕೂರುತ್ತದೆ ಎಂದಿತ್ತು. ಬ್ರೇಕಿಗೆ ದೂರು ಇರಲಿಲ್ಲ. ಸಾಮಾನು ಇಡಲು ಜಾಗ ಸಾಲದು, ಬೇಸಿಗೆಯಲ್ಲಿ ಒಳಗೆ ಸೆಕೆ, ಅಷ್ಟೇ ಕೊರತೆ. ಅದನ್ನು ನಿಲ್ಲಿಸಿದ್ದು ಕೆಟ್ಟದೆಂದಲ್ಲ — ಮನೆಮಂದಿಯೆಲ್ಲ ಹಿಡಿಸುವ ಗಾಡಿಗೆ ಗಿರಾಕಿ ಹೆಚ್ಚು ಎಂದು. ಕೊಳ್ಳುವವರು ಎರಡೂ ಸಿಕ್ಕರೆ ಹಳೆಯದನ್ನೇ ಕೊಳ್ಳಲಿ, ಸಿಕ್ಕಮೇಲೆ ಮಾರದಿರಲಿ ಎಂದು ಕೊನೆಗಿತ್ತು. ಬರೆದವನು ತನ್ನ ಹೆಂಡತಿಯನ್ನು ಕೂರಿಸಿಕೊಂಡು ಸಮುದ್ರದ ದಂಡೆಗುಂಟ ಹೋಗಿದ್ದನಂತೆ. ಮೂರನೆಯವರಿಗೆ ಜಾಗವಿಲ್ಲದ್ದೇ ಈ ಗಾಡಿಯ ಸುಖ ಎಂದು ತಮಾಷೆ ಮಾಡಿದ್ದ. ಆ ಸಾಲಿನ ಮೇಲೆಯೇ ನನ್ನ ಬೆರಳಿತ್ತು, ನೀವು "ಖರೇನ?" ಎಂದು ಕೇಳಿದಾಗ.

ಕ್ಷಮಿಸಿ ಎಂದು ಕೇಳುವುದಿಲ್ಲ. ಕೇಳಿದರೆ ನೀವು ತಕ್ಷಣ ಕ್ಷಮಿಸಿಬಿಡುತ್ತೀರಿ, ಅದು ನನಗೆ ಬಹಳ ಸಸ್ತಾ ಆಗುತ್ತದೆ. ಬೀಗರು ಮತ್ತೆ ಬಂದಾಗ ಆ ಕಥೆ ಹೇಳಬೇಡಿ ಎಂದೂ ಕೇಳುವುದಿಲ್ಲ. ಹೇಳಲು ನಿಮಗೆ ಇನ್ನು ಮನಸ್ಸಾಗದಿದ್ದರೆ ಅದನ್ನು ನಾನು ತಾಳಿಕೊಳ್ಳಬೇಕು.

ನಾಳೆ ಮಧ್ಯಾಹ್ನ ಊಟವಾದ ಮೇಲೆ ಈ ಹಾಳೆಗಳನ್ನು ನಿಮ್ಮ ಕೈಗೆ ಕೊಡುತ್ತೇನೆ. ಕನ್ನಡದಲ್ಲೇ ಬರೆದಿದ್ದೇನೆ, ದೊಡ್ಡ ಅಕ್ಷರದಲ್ಲಿ. ಆದರೂ ನೀವು ಏನು ಅನ್ನುತ್ತೀರಿ ಎಂದು ನನಗೆ ಗೊತ್ತು. "ಕಣ್ಣಿನ ಚಾಳೀಸ ಎಲ್ಲಿಟ್ಟೇನೋ ಏನೋ, ನೀನಽ ಓದಿ ಹೇಳು," ಎಂದು ತಿರುಗಿ ನನ್ನ ಕೈಗೇ ಕೊಡುತ್ತೀರಿ. ಆಗಲಿ. ನಿಮ್ಮ ಪಕ್ಕದಲ್ಲಿ ಕೂತು ನಾನೇ ಓದುತ್ತೇನೆ, ಒಂದು ಅಕ್ಷರವನ್ನೂ ಬದಲಿಸದೆ.